ಮನಶ್ಶಾಸ್ತ್ರದ ತರಗತಿ, ತುರ್ತುಸೇವೆಯ ಹಾದಿ

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೊರಟ ಹೆದ್ದಾರಿಯಲ್ಲಿ ಸುಮಾರು 35 ಕಿಲೋಮೀಟರು ಸಾಗಿದ ಮೇಲೆ ದೊರೆಯುವ ಕಮಲಾಪುರವು, ತನ್ನ ಕೆಂಪು ಬಾಳೆಗೆ ಭೌಗೋಳಿಕ ಸೂಚಿಯ ಮನ್ನಣೆಯನ್ನು ಪಡೆದು ನಾಡಿಗೆಲ್ಲ ಪರಿಚಿತವಾದ ಊರು. ಈಚಿನ ವರ್ಷಗಳಲ್ಲಿ ತಾಲ್ಲೂಕು ಕೇಂದ್ರವೆಂಬ ಹೆಸರನ್ನೂ, 2017ರಿಂದ ಕಲಬುರಗಿ–ಬೀದರ ರೈಲುಮಾರ್ಗದ ಸೌಕರ್ಯವನ್ನೂ ಪಡೆದಿರುವ ಈ ಊರಿನ ಮತ್ತು ಇದರ ಸುತ್ತಣ ಹಳ್ಳಿಗಳ ಮಕ್ಕಳು, ಹತ್ತನೆಯ ತರಗತಿಯನ್ನೋ ಪಿ.ಯು.ಸಿ.ಯನ್ನೋ ಮುಗಿಸಿದೊಡನೆ ಮುಂದಿನ ಓದಿಗಾಗಿ ನೋಡುವುದು ಕಲಬುರಗಿ ನಗರದ ಕಡೆಗೇ. ಅಂತಹ ಮನೆಗಳಲ್ಲಿ ಪ್ರತಿವರ್ಷವೂ ಪ್ರವೇಶದ ಕಾಲಕ್ಕೆ ನಡೆಯುವ ಸಮಾಲೋಚನೆಯಲ್ಲಿ ಎರಡು ಮಾತುಗಳು ಕೇಳಿಬರುವುದುಂಟು. “ಪ್ಯಾರಾಮೆಡಿಕಲ್ ಮಾಡಿದ್ರ ದವಾಖಾನ್ಯಾಗ ನೌಕರಿ ಸಿಗ್ತದ” ಎಂಬುದು ಒಂದು, “ಬಿ.ಎ.ದಾಗ ಸೈಕಾಲಜಿ ತಗೊಂಡು ಏನ್ ಮಾಡ್ತಿ?” ಎಂಬುದು ಇನ್ನೊಂದು. ಮೊದಲನೆಯದು ಜೀವನೋಪಾಯದ ವಿದ್ಯೆ, ಎರಡನೆಯದು ಬರಿಯ ಕುತೂಹಲದ ವಿದ್ಯೆ, ಇವೆರಡಕ್ಕೂ ಪರಸ್ಪರ ಸಂಬಂಧವಿಲ್ಲ ಎಂಬ ಗ್ರಹಿಕೆಯು ಈ ಎರಡು ಮಾತುಗಳ ಹಿಂದೆಯೂ ಇದೆ. ಈ ಗ್ರಹಿಕೆ ತಪ್ಪೆಂದೂ, ಕಲಬುರಗಿಯಂತಹ ಜಿಲ್ಲೆಯಲ್ಲಿ ತುರ್ತುಸೇವೆಯ ಕೆಲಸಗಾರನಿಗೆ ಮನಶ್ಶಾಸ್ತ್ರವೂ ಮನಶ್ಶಾಸ್ತ್ರದ ವಿದ್ಯಾರ್ಥಿಗೆ ಆಸ್ಪತ್ರೆಯ ಅನುಭವವೂ ಅತ್ಯಗತ್ಯವೆಂದೂ ನಾನು ದೃಢವಾಗಿ ನಂಬಿದ್ದೇನೆ. ಆ ನಂಬಿಕೆಯ ಕಾರಣಗಳನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಪ್ಯಾರಾಮೆಡಿಕಲ್ ಎಂಬ ಹೆಸರಿನ ಕೆಳಗೆ ಬರುವ ವಿದ್ಯೆಗಳು ಹಲವು. ರಕ್ತ ಮೂತ್ರಾದಿಗಳನ್ನು ಪರೀಕ್ಷಿಸುವ ಲ್ಯಾಬ್ ಟೆಕ್ನೀಷಿಯನ್, ಎಕ್ಸ್-ರೇ ತೆಗೆಯುವವನು, ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ವೈದ್ಯರಿಗೆ ನೆರವಾಗುವವನು, ಡಯಾಲಿಸಿಸ್ ಯಂತ್ರವನ್ನು ನಡೆಸುವವನು, ಊರೂರು ತಿರುಗುವ ಆರೋಗ್ಯ ನಿರೀಕ್ಷಕ, ಇವರೆಲ್ಲರೂ ಈ ವರ್ಗದವರೇ. ನಮ್ಮ ರಾಜ್ಯದಲ್ಲಿ ಇವರ ಡಿಪ್ಲೊಮಾ ಶಿಕ್ಷಣವನ್ನು ಪ್ಯಾರಾಮೆಡಿಕಲ್ ಮಂಡಳಿಯು ನಿಯಂತ್ರಿಸುತ್ತದೆ. ಎಸ್.ಎಸ್.ಎಲ್.ಸಿ. ಮುಗಿಸಿ ಸೇರುವವರಿಗೆ ಮೂರು ವರ್ಷ, ವಿಜ್ಞಾನ ವಿಭಾಗದಲ್ಲಿ ಪಿ.ಯು.ಸಿ. ಮುಗಿಸಿದವರಿಗೆ ಎರಡು ವರ್ಷ ಎಂಬುದು ಸಾಮಾನ್ಯ ಕ್ರಮ. ಪದವಿಯ ಮಟ್ಟದ ವ್ಯಾಸಂಗಗಳು 1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದಲ್ಲಿ ನಡೆಯುತ್ತವೆ. ಇವೆಲ್ಲವುಗಳ ನಡುವೆ ಜನಸಾಮಾನ್ಯರು ತಮ್ಮ ಕಷ್ಟಕಾಲದಲ್ಲಿ ಎಲ್ಲರಿಗಿಂತ ಮೊದಲು ಕಾಣುವ ಮುಖವೊಂದುಂಟು. ಅದು ಆಂಬುಲೆನ್ಸಿನ ಹಿಂಬಾಗಿಲಿನಿಂದ ಇಳಿದು ಬರುವ ತುರ್ತುಚಿಕಿತ್ಸಾ ಸಹಾಯಕನ ಮುಖ. ಅವನನ್ನು ಸೇವೆಯ ಒಳಗಿನವರು ಇ.ಎಂ.ಟಿ. ಎನ್ನುತ್ತಾರೆ, ಗಾಡಿಯನ್ನು ಓಡಿಸುವವನಿಗೆ ಪೈಲಟ್ ಎಂಬ ಹೆಸರು. ಹೈದರಾಬಾದಿನಲ್ಲಿ 2005ರಲ್ಲಿ ಮೊದಲಾದ 108ರ ಸೇವೆಯು ‘ಆರೋಗ್ಯ ಕವಚ’ ಎಂಬ ಹೆಸರಿನಿಂದ ಕರ್ನಾಟಕಕ್ಕೆ ಬಂದುದು 2008ರ ನವೆಂಬರ್ 1ರಂದು. ಅಂದಿನಿಂದ ಈಚೆಗೆ ಈ ಇಬ್ಬರೂ ನಮ್ಮ ಹಳ್ಳಿಗಳ ಬದುಕಿನಲ್ಲಿ ಬೆರೆತುಹೋಗಿದ್ದಾರೆ.

ಇಂತಹ ಕೆಲಸವನ್ನು ವೈದ್ಯರಲ್ಲದವರೂ ಸಮರ್ಥವಾಗಿ ಮಾಡಬಲ್ಲರೆಂಬುದನ್ನು ಜಗತ್ತು ಒಪ್ಪಿಕೊಂಡುದು ಬಹಳ ಹಿಂದೇನೂ ಅಲ್ಲ. ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ, ಹೃದಯದ ಬಡಿತ ನಿಂತವನಿಗೆ ಎದೆಯನ್ನೊತ್ತಿ ಉಸಿರೂದುವ ಕ್ರಮವನ್ನು ರೂಪಿಸಿದವರಲ್ಲಿ ಪ್ರಮುಖನಾದ ವೈದ್ಯ ಪೀಟರ್ ಸಫಾರನು, 1967ರಲ್ಲಿ ಆರಂಭವಾದ ಫ್ರೀಡಂ ಹೌಸ್ ಎಂಬ ಆಂಬುಲೆನ್ಸ್ ಸೇವೆಗಾಗಿ ಅಲ್ಲಿಯ ಬಡ ಬಡಾವಣೆಯ ಕಪ್ಪು ಯುವಕರನ್ನು, ಅವರಲ್ಲಿ ಕೆಲವರು ಪ್ರೌಢಶಾಲೆಯನ್ನೂ ಪೂರೈಸದವರಾಗಿದ್ದರೂ, ದೀರ್ಘವಾದ ಶಿಕ್ಷಣ ಕೊಟ್ಟು ಸಿದ್ಧಪಡಿಸಿದನು. ಅವರು ತೋರಿದ ದಕ್ಷತೆಯು ಮುಂದೆ ಆ ದೇಶದ ಪ್ಯಾರಾಮೆಡಿಕ್ ಶಿಕ್ಷಣಕ್ಕೆಲ್ಲ ಮಾದರಿಯಾಯಿತು. ಕಮಲಾಪುರದ ರೈತನ ಮಗಳಾಗಲಿ ಶಹಾಬಾದಿನ ಕಾರ್ಮಿಕನ ಮಗನಾಗಲಿ ಈ ವಿದ್ಯೆಗೆ ತಾವು ಅನರ್ಹರೆಂದು ಭಾವಿಸಬೇಕಾದ ಕಾರಣವೇ ಇಲ್ಲವೆಂಬುದಕ್ಕೆ ಈ ಇತಿಹಾಸವೊಂದೇ ಸಾಕು.

ಇನ್ನು ಮನಶ್ಶಾಸ್ತ್ರದ ವಿಚಾರ. ಕಾಲೇಜಿನಲ್ಲಿ ಈ ವಿಷಯವನ್ನು ಆರಿಸಿಕೊಂಡವರು ಮೊದಲು ಓದುವುದು ಸಂವೇದನೆ, ಗ್ರಹಣ, ಅವಧಾನ, ಸ್ಮೃತಿ, ಕಲಿಕೆ, ಭಾವ, ಪ್ರೇರಣೆ, ವ್ಯಕ್ತಿತ್ವ ಎಂಬ ಅಧ್ಯಾಯಗಳನ್ನು. ಆಮೇಲೆ ಬೆಳವಣಿಗೆಯ ಮನಶ್ಶಾಸ್ತ್ರ, ಸಾಮಾಜಿಕ ಮನಶ್ಶಾಸ್ತ್ರ, ಅಪಸಾಮಾನ್ಯ ಮನಶ್ಶಾಸ್ತ್ರಗಳನ್ನು. ಪುಸ್ತಕದೊಡನೆ ಪ್ರಯೋಗಾಲಯವೂ ಉಂಟು. ಸಮನಾದ ಎರಡು ಗೆರೆಗಳು ತುದಿಯ ಬಾಣಗಳಿಂದಾಗಿ ಅಸಮವಾಗಿ ತೋರುವ ಮ್ಯುಲರ್–ಲಯರ್ ಭ್ರಮೆ, ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಆಕೃತಿಯನ್ನು ತಿದ್ದುವ ಪ್ರಯೋಗ, ಒಮ್ಮೆ ಕೇಳಿದ ಅಂಕಿಗಳಲ್ಲಿ ಎಷ್ಟನ್ನು ಮರಳಿ ಹೇಳಬಲ್ಲೆವೆಂಬ ಸ್ಮೃತಿಯ ಅಳತೆ, ಪ್ರಚೋದನೆಗೂ ಪ್ರತಿಕ್ರಿಯೆಗೂ ನಡುವಣ ಕಾಲದ ಎಣಿಕೆ, ಇವುಗಳನ್ನು ಇಬ್ಬಿಬ್ಬರು ಕುಳಿತು, ಒಬ್ಬರು ಪ್ರಯೋಗಕಾರರೂ ಇನ್ನೊಬ್ಬರು ಪ್ರಯೋಜ್ಯರೂ ಆಗಿ ಮಾಡಿ ರೆಕಾರ್ಡ್ ಪುಸ್ತಕದಲ್ಲಿ ಬರೆದಿಡಬೇಕು. ಮನಸ್ಸೆಂಬುದನ್ನು ಕುರಿತು ಬಾಯಿಗೆ ಬಂದಂತೆ ಮಾತನಾಡದೆ, ಅಳೆದು ನೋಡಿ ಮಾತನಾಡಬೇಕೆಂಬ ಶಿಸ್ತನ್ನು ಈ ಸಣ್ಣ ಪ್ರಯೋಗಗಳು ಕಲಿಸುತ್ತವೆ. ಅವುಗಳ ನಿಜವಾದ ಬೆಲೆ ಇರುವುದು ಆ ಶಿಸ್ತಿನಲ್ಲಿಯೇ.

ಈ ಶಾಸ್ತ್ರವು ಕನ್ನಡನಾಡಿಗೆ ಹೊಸತಲ್ಲ. ಕಲಕತ್ತೆಯ ವಿಶ್ವವಿದ್ಯಾಲಯದಲ್ಲಿ ಪ್ರಾಯೋಗಿಕ ಮನಶ್ಶಾಸ್ತ್ರದ ಪಠ್ಯಕ್ರಮವನ್ನು ರೂಪಿಸಿದ ಬ್ರಜೇಂದ್ರನಾಥ ಶೀಲರು ಮುಂದೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಕಾಲದಲ್ಲಿ, 1924ರಲ್ಲಿ, ಮೈಸೂರಿನಲ್ಲಿ ಮನಶ್ಶಾಸ್ತ್ರದ ವಿಭಾಗವು ತೆರೆಯಿತು. ಲಂಡನ್ನಿನಲ್ಲಿ ಸ್ಪಿಯರ್‌ಮನ್ನನ ಬಳಿ ಶಿಕ್ಷಣ ಪಡೆದು ಬಂದ ಎಂ. ವಿ. ಗೋಪಾಲಸ್ವಾಮಿಯವರು ಅದರ ಹೊಣೆ ಹೊತ್ತರು. ಮೈಸೂರಿನಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದವರೂ ಅವರೇ ಎಂಬುದನ್ನು ಬಲ್ಲವರು ಹಲವರು, ಅವರು ಮನಶ್ಶಾಸ್ತ್ರದ ಆಚಾರ್ಯರೆಂಬುದನ್ನು ಬಲ್ಲವರು ಕಡಮೆ. ಬುದ್ಧಿಯನ್ನಳೆಯುವ ಬಿನೆಯ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದುವಂತೆ ತಿದ್ದಿ ವಿ. ವಿ. ಕಾಮತರು 1934ರಲ್ಲಿ ಪ್ರಕಟಿಸಿದ ಕಾರ್ಯವಂತೂ, ಮನಸ್ಸನ್ನು ಅರಿಯಬೇಕಾದರೆ ಆ ಮನಸ್ಸಿನ ನುಡಿಯಲ್ಲಿಯೇ ಪ್ರಶ್ನೆ ಕೇಳಬೇಕೆಂಬ ತತ್ತ್ವವನ್ನು ತೊಂಬತ್ತು ವರ್ಷಗಳ ಹಿಂದೆಯೇ ನಮಗೆ ತೋರಿಸಿಕೊಟ್ಟಿದೆ. ಆ ತತ್ತ್ವಕ್ಕೆ ಈ ಲೇಖನದಲ್ಲಿ ಇನ್ನೊಮ್ಮೆ ಬರಬೇಕಾಗುವುದು.

ಕಲಬುರಗಿಯ ಮಟ್ಟಿಗೆ ಹೇಳುವುದಾದರೆ, ಈ ಎರಡು ವಿದ್ಯೆಗಳೂ ಒಂದೇ ನಗರದಲ್ಲಿ, ಕೆಲವೆಡೆ ಒಂದೇ ರಸ್ತೆಯ ಎರಡು ಬದಿಗಳಲ್ಲಿ ನೆಲಸಿವೆ. ಮಹಾದೇವಪ್ಪ ರಾಂಪುರೆಯವರ ಹೆಸರಿನ ವೈದ್ಯಕೀಯ ಕಾಲೇಜು ಇಲ್ಲಿ 1963ರಿಂದ ನಡೆದುಬಂದಿದೆ. ಖಾಜಾ ಬಂದೇನವಾಜ್ ಹೆಸರಿನ ವೈದ್ಯಕೀಯ ಸಂಸ್ಥೆ, ಸರ್ಕಾರದ ವೈದ್ಯಕೀಯ ಸಂಸ್ಥೆಯಾದ ಜಿಮ್ಸ್, ಕಾರ್ಮಿಕರ ವಿಮಾ ನಿಗಮದ ವೈದ್ಯಕೀಯ ಕಾಲೇಜು, ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ, ಇವೆಲ್ಲವೂ ಆಮೇಲೆ ಬಂದುವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ 1970ರಲ್ಲಿ ಮೊದಲಾದುದು 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಗಿ ಬೆಳೆಯಿತು. ಸಂವಿಧಾನದ 371(ಜೆ) ವಿಧಿಯ ಫಲವಾಗಿ ಈ ಪ್ರದೇಶದ ವಿದ್ಯಾರ್ಥಿಗಳಿಗೆ ಇಲ್ಲಿಯ ಪ್ರವೇಶಗಳಲ್ಲಿ ಮೀಸಲು ಪಾಲು ದೊರೆತಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯು ಹೆಣ್ಣುಮಕ್ಕಳ ಬಸ್ಸಿನ ವೆಚ್ಚವನ್ನು ತಪ್ಪಿಸಿರುವುದರಿಂದ, ಕಮಲಾಪುರದ ಹುಡುಗಿಯೊಬ್ಬಳು ದಿನವೂ ನಗರಕ್ಕೆ ಬಂದು ಓದಿ ಸಂಜೆಗೆ ಮನೆ ಸೇರುವುದು ಹಿಂದಿಗಿಂತ ಸುಲಭವಾಗಿದೆ. ಇಷ್ಟೆಲ್ಲ ಅನುಕೂಲವಿದ್ದೂ ಮನಶ್ಶಾಸ್ತ್ರದ ವಿದ್ಯಾರ್ಥಿಯು ಆಸ್ಪತ್ರೆಯ ಕ್ಯಾಜುವಾಲಿಟಿಯನ್ನು ಕಾಣದೆ ಪದವಿ ಪಡೆಯುವನು. ಪ್ಯಾರಾಮೆಡಿಕಲ್ ವಿದ್ಯಾರ್ಥಿಯು ಭಯ, ದುಃಖ, ಭ್ರಾಂತಿಗಳ ಶಾಸ್ತ್ರವನ್ನು ಮನಸ್ಸಿಟ್ಟು ಓದದೆಯೇ ಭಯಗೊಂಡವರ, ದುಃಖಿಗಳ, ಭ್ರಾಂತರ ನಡುವೆ ಕೆಲಸಕ್ಕೆ ನಿಲ್ಲುವನು.

ಇವೆರಡೂ ಎಲ್ಲಿ ಸೇರುತ್ತವೆಂಬುದನ್ನು ಒಂದು ನಿದರ್ಶನದಿಂದ ನೋಡೋಣ. ತಲೆಗೆ ಪೆಟ್ಟು ಬಿದ್ದವನ ಪ್ರಜ್ಞೆಯ ಸ್ಥಿತಿಯನ್ನು ಅಳೆಯಲು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಗ್ಲಾಸ್ಗೋ ಮಾಪಕವನ್ನು ಟೀಸ್‌ಡೇಲ್ ಮತ್ತು ಜೆನ್ನೆಟ್ ಎಂಬ ಇಬ್ಬರು 1974ರಲ್ಲಿ ರೂಪಿಸಿದರು. ಕಣ್ಣು ತೆರೆಯುವುದಕ್ಕೆ ಹೆಚ್ಚೆಂದರೆ 4, ಮಾತಿಗೆ 5, ಅಂಗಚಲನೆಗೆ 6, ಒಟ್ಟು 15 ಅಂಕಗಳು. ಎಲ್ಲದರಲ್ಲಿಯೂ ಕನಿಷ್ಠವಾದರೆ 3. ಒಟ್ಟು 8 ಅಥವಾ ಅದಕ್ಕಿಂತ ಕಡಮೆಯಾದರೆ ರೋಗಿಯ ಸ್ಥಿತಿ ಗಂಭೀರವೆಂದೂ, ಅವನ ಶ್ವಾಸಮಾರ್ಗವನ್ನು ಕಾಪಾಡುವುದು ತತ್‌ಕ್ಷಣದ ಕರ್ತವ್ಯವೆಂದೂ ತಿಳಿಯಬೇಕು. ಮಾತಿಗಿರುವ 5 ಅಂಕಗಳನ್ನು ಗಮನಿಸಿರಿ: ತಾನು ಯಾರು, ಎಲ್ಲಿದ್ದೇನೆ, ಇದು ಯಾವ ಕಾಲ ಎಂಬುದನ್ನು ಸರಿಯಾಗಿ ಹೇಳಿದರೆ 5, ವಾಕ್ಯಗಳನ್ನಾಡಿದರೂ ಗೊಂದಲಗೊಂಡಿದ್ದರೆ 4, ಸಂಬಂಧವಿಲ್ಲದ ಬಿಡಿಮಾತುಗಳಾದರೆ 3. ಎಂದಮೇಲೆ ಈ ಅಳತೆಯ ಮೂರರಲ್ಲಿ ಒಂದು ಭಾಗವು ಕೇಳುವವನ ಭಾಷೆಯನ್ನು ಅವಲಂಬಿಸಿದೆ. ಕಲಬುರಗಿಯ ರಸ್ತೆಯಲ್ಲಿ ಬಿದ್ದಿರುವವನು ಕನ್ನಡದವನಾಗಿರಬಹುದು, ದಖನಿ ಉರ್ದುವಿನವನಾಗಿರಬಹುದು, ಸೇಡಂ ಕಡೆಯ ತೆಲುಗು ಮನೆಯವನಾಗಿರಬಹುದು, ಆಳಂದದ ಮರಾಠಿಯವನಾಗಿರಬಹುದು, ತಾಂಡಾದ ಲಂಬಾಣಿಯಾಗಿರಬಹುದು. ತನಗೆ ಅರ್ಥವಾಗದ ಪ್ರಶ್ನೆಗೆ ಉತ್ತರ ಕೊಡದವನನ್ನು ಪ್ರಜ್ಞೆ ತಪ್ಪಿದವನೆಂದು ಬರೆದುಕೊಂಡರೆ ಅಂಕವು ತಪ್ಪಾಗುವುದು. ಅದಕ್ಕಿಂತ ಭಯಂಕರವಾದುದೆಂದರೆ, ನಿಜವಾಗಿ ಗೊಂದಲಗೊಂಡವನ ಮಾತನ್ನು ‘ಅವರ ಭಾಷೆ ನಮಗೆ ತಿಳಿಯದು’ ಎಂದು ಬಿಟ್ಟುಬಿಡುವುದು. ಅವಧಾನ, ಸ್ಮೃತಿ, ದೇಶಕಾಲಗಳ ಅರಿವು ಎಂಬ ಪಾಠಗಳನ್ನು ತರಗತಿಯಲ್ಲಿ ಮನಸ್ಸಿಟ್ಟು ಓದಿದವನಿಗೆ ಈ 4ಕ್ಕೂ 5ಕ್ಕೂ ಇರುವ ಅಂತರವು ಬರಿಯ ಅಂಕಿಯಾಗಿ ಉಳಿಯದು. ಒಂದು ಗಂಟೆಯ ಹಿಂದೆ 5 ಇದ್ದದ್ದು ಈಗ 4 ಆಗಿದೆಯೆಂದರೆ ತಲೆಯೊಳಗೆ ರಕ್ತ ಸೋರುತ್ತಿರಬಹುದೆಂಬ ಎಚ್ಚರಿಕೆ ಅವನಲ್ಲಿ ತಾನಾಗಿ ಮೂಡುವುದು.

ಇನ್ನೊಂದು ನಿದರ್ಶನವು ಇದಕ್ಕಿಂತ ನೋವಿನದು. ಆದರೂ ತೊಗರಿಯ ಕಣಜವೆನಿಸಿದ ಈ ಜಿಲ್ಲೆಯಲ್ಲಿ ಅದನ್ನು ಮರೆಮಾಚಿ ಬರೆಯುವುದು ನ್ಯಾಯವಲ್ಲ. ಬೆಳೆಗೆ ಹೊಡೆಯುವ ಔಷಧವನ್ನು, ಇಲ್ಲಿಯ ಮಾತಿನಲ್ಲಿ ‘ಎಣ್ಣಿ’ಯನ್ನು, ದುಡುಕಿನಲ್ಲಿ ಕುಡಿದವರ ಮನೆಯಿಂದ ಆಂಬುಲೆನ್ಸಿಗೆ ಕರೆ ಬರುವುದುಂಟು. ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟಾಗಿ, ಬಾಯಲ್ಲಿ ಜೊಲ್ಲು ಸುರಿದು, ಮೈ ಬೆವೆತು, ಸ್ನಾಯುಗಳು ಅದುರುವ ಲಕ್ಷಣಗಳನ್ನು ಪ್ಯಾರಾಮೆಡಿಕಲ್ ವಿದ್ಯಾರ್ಥಿಯು ಪಠ್ಯದಲ್ಲಿ ಓದಿಯೇ ಇರುತ್ತಾನೆ. ಆದರೆ ಕೀಟನಾಶಕವೋ ಕಳೆನಾಶಕವೋ, ಯಾವ ಡಬ್ಬಿ, ಎಷ್ಟು ಹೊತ್ತಾಯಿತು ಎಂಬುದು ತಿಳಿಯದೆ ಚಿಕಿತ್ಸೆ ಸರಿಯಾದ ದಾರಿಯಲ್ಲಿ ನಡೆಯದು; ಆಕ್ಸಿಜನ್ ಕೊಡುವ ಕ್ರಮವೂ ಅದಕ್ಕೆ ತಕ್ಕಂತೆ ಬದಲಾಗಬಲ್ಲುದು. ಇದನ್ನು ಹೇಳಬೇಕಾದವರು ಲಜ್ಜೆಯಿಂದಲೋ ಪೊಲೀಸರ ಭಯದಿಂದಲೋ ಬಾಯಿ ಬಿಡುವುದಿಲ್ಲ. ಮನೆಯವರು “ಏನೋ ಉಂಡಿದ್ದು ಆಗಿ ಬಂದಿಲ್ರೀ” ಎಂದುಬಿಡುತ್ತಾರೆ. ಆ ಗಳಿಗೆಯಲ್ಲಿ ಗದರಿಸುವವನಿಗೆ ಸತ್ಯ ಸಿಕ್ಕುವುದಿಲ್ಲ. “ಅಕ್ಕಾ, ಯಾರೂ ಬೈಯಂಗಿಲ್ಲ, ಯಾವ ಡಬ್ಬಿ ಅಂತ ಅಷ್ಟ ಹೇಳ್ರಿ, ನಿಮ್ಮ ಜೀವಾ ಉಳಿಸ್ಲಿಕ್ಕ ಬೇಕಾಗ್ಯಾದ” ಎಂದು ಪಕ್ಕದಲ್ಲಿ ಕುಳಿತು ಮೆಲುದನಿಯಿಂದ ಕೇಳಬಲ್ಲವನಿಗೆ ಸಿಕ್ಕುವುದು. ಹೀಗೆ ಕೇಳುವುದು ಸ್ವಭಾವದ ಮೃದುತ್ವದಿಂದ ಮಾತ್ರ ಬರುವ ಗುಣವೆಂದು ಹಲವರು ತಿಳಿದಿದ್ದಾರೆ. ಅದು ಕಲಿಸಬಹುದಾದ, ಅಭ್ಯಾಸದಿಂದ ಸಾಧಿಸಬಹುದಾದ ಕೌಶಲ. 2017ರ ಮಾನಸಿಕ ಆರೋಗ್ಯ ಆರೈಕೆಯ ಕಾನೂನಿನ 115ನೆಯ ವಿಧಿಯು, ಆತ್ಮಹತ್ಯೆಗೆ ಯತ್ನಿಸಿದವನು ತೀವ್ರವಾದ ಮಾನಸಿಕ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಅವನಿಗೆ ಬೇಕಾದುದು ದಂಡನೆಯಲ್ಲ, ಆರೈಕೆ ಎಂದು ವಿಧಿಸಿರುವುದನ್ನು ಮನೆಯವರಿಗೆ ತಿಳಿಸಿ ಹೇಳುವುದೂ ಆ ಕೆಲಸದ ಅಂಗವೇ. ಓದುಗರಲ್ಲಿ ಯಾರಿಗಾದರೂ, ಅಥವಾ ಅವರ ಬಂಧುಗಳಿಗೆ, ಮನಸ್ಸು ಇಂತಹ ಕತ್ತಲೆಗೆ ಇಳಿದಿದ್ದರೆ, 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಶರೀರದ ವ್ಯಾಧಿಯು ಮನಸ್ಸಿನ ವೇಷವನ್ನೂ, ಮನಸ್ಸಿನ ವ್ಯಥೆಯು ಶರೀರದ ವೇಷವನ್ನೂ ಧರಿಸಿ ಬರುವುದು ಈ ಕೆಲಸದ ಇನ್ನೊಂದು ತೊಡಕು. ವೈಶಾಖದ ಬಿಸಿಲಿನಲ್ಲಿ, ತಾಪಮಾನವು 42 ಡಿಗ್ರಿಯನ್ನು ದಾಟಿದ ದಿನ, ಹೊಲದಲ್ಲಿಯೋ ಕಲ್ಲಿನ ಗಣಿಯಲ್ಲಿಯೋ ದುಡಿದವನು ಇದ್ದಕ್ಕಿದ್ದಂತೆ ಅಸಂಬದ್ಧವಾಗಿ ಮಾತನಾಡತೊಡಗಿದರೆ ನೋಡಿದವರು ಅವನು ಕುಡಿದಿದ್ದಾನೆನ್ನಬಹುದು, ಗಾಳಿ ಸೋಕಿದೆಯೆನ್ನಬಹುದು. ಆದರೆ ಅದು ಪ್ರಾಣಾಂತಿಕವಾದ ಉಷ್ಣಾಘಾತವಾಗಿರಬಹುದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಂಡು ಊಟ ಮಾಡದೆ ಉಳಿದ ವೃದ್ಧೆಯು ಸಿಡುಕಿ, ಬೆವೆತು, ತನ್ನ ಮಗನನ್ನೇ ಗುರುತಿಸದಂತಾದರೆ, ರಕ್ತದಲ್ಲಿಯ ಸಕ್ಕರೆಯು ಇಳಿದಿರಬಹುದು. ಇದಕ್ಕೆ ವ್ಯತಿರಿಕ್ತವಾಗಿ, “ಎದಿ ಮ್ಯಾಲ ಕಲ್ಲ ಇಟ್ಟಂಗ ಆಗ್ಯಾದ” ಎಂದು ನರಳುವ ಹೆಂಗಸಿನ ಹೃದಯ ಸುಸ್ಥಿತಿಯಲ್ಲಿದ್ದು, ಕಲ್ಲಿರುವುದು ಮನಸ್ಸಿನ ಮೇಲೆಯೇ ಆಗಿರಲೂಬಹುದು. ಆದರೂ ಅದು ಮನಸ್ಸಿನದೆಂದು ಆಂಬುಲೆನ್ಸಿನಲ್ಲಿಯೇ ನಿರ್ಣಯಿಸಿ ನಿಶ್ಚಿಂತನಾಗುವ ಅಧಿಕಾರ ಯಾರಿಗೂ ಇಲ್ಲ, ಮೊದಲು ಇ.ಸಿ.ಜಿ., ಆಮೇಲೆ ಉಳಿದ ಮಾತು. ಮನಶ್ಶಾಸ್ತ್ರವನ್ನು ಅರೆಬರೆ ಓದಿದವನು ಎಲ್ಲವನ್ನೂ ಮನಸ್ಸಿಗೆ ಆರೋಪಿಸುವ ಅಪಾಯವಿದೆ. ಚೆನ್ನಾಗಿ ಓದಿದವನು ಹಾಗೆ ಮಾಡುವುದಿಲ್ಲ.

ಇಲ್ಲಿ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರವನ್ನು ನೆನೆಯದಿರಲಾರೆ. ಭೂತಬಾಧೆಯೆಂದು ನಂಬಲಾದ ಸಂಕಟಗಳಿಂದ ಬಳಲುವವರನ್ನು ದೂರದೂರದ ಊರುಗಳಿಂದ ದತ್ತಾತ್ರೇಯನ ಆ ಸನ್ನಿಧಿಗೆ ಕರೆತರುವ ವಾಡಿಕೆಯು ಹಳೆಯದು. ಅಪಸಾಮಾನ್ಯ ಮನಶ್ಶಾಸ್ತ್ರದ ಪಾಠವನ್ನು ಓದಿ ಹೊರಬಿದ್ದ ತರುಣನು ಆ ಜನರನ್ನು ಮೂಢರೆಂದು ತಳ್ಳಿಹಾಕಿದರೆ ಅವನ ಓದು ಅಷ್ಟರಮಟ್ಟಿಗೆ ವ್ಯರ್ಥ. ಅವರ ಶ್ರದ್ಧೆಗೆ ಗೌರವ ಕೊಟ್ಟು, ಸೇವೆ ಮುಗಿಸಿ ಬರುವಾಗ ದವಾಖಾನೆಗೂ ಒಮ್ಮೆ ತೋರಿಸಿರೆಂದು ಅವರ ನುಡಿಯಲ್ಲಿ ಹೇಳಿ ಒಪ್ಪಿಸುವುದು ಸಾಧ್ಯ. ಹೀಗೆ ಹೇಳುವ ಸಾಮಾನ್ಯ ಕಾರ್ಯಕರ್ತರನ್ನು ಸಿದ್ಧಪಡಿಸಬಹುದೆಂಬುದಕ್ಕೆ ನಮ್ಮ ಸೀಮೆಯಲ್ಲಿಯೇ ಪ್ರಮಾಣವುಂಟು: 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯು 1985ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ರೋಗಗಳ ಪರಿಚಯ ಮಾಡಿಕೊಟ್ಟು ನಡೆಸಿದ ಪ್ರಯೋಗವೇ, ಮುಂದೆ 1996ರಲ್ಲಿ ಇಡೀ ದೇಶಕ್ಕೆ ವಿಸ್ತರಿಸತೊಡಗಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಕಲ್ಯಾಣ ಕರ್ನಾಟಕವು ದೇಶಕ್ಕೆ ಕೊಟ್ಟ ಈ ಪಾಠವನ್ನು ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿಯೇ ಎದ್ದುಕಾಣುವಂತೆ ಹೇಳಬೇಡವೇ?

ಕಮಲಾಪುರದ ಹೆದ್ದಾರಿಗೆ ಮರಳುವ. 2022ರ ಜೂನ್ 3ರ ಬೆಳಗಿನ ಹೊತ್ತು, ಗೋವೆಯಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸೊಂದು ಈ ಊರಿನ ಬಳಿ ಸರಕಿನ ವಾಹನಕ್ಕೆ ಡಿಕ್ಕಿಯಾಗಿ ಬೆಂಕಿ ಹೊತ್ತಿಕೊಂಡಿತು. ಹಲವರು ಒಳಗೇ ದಹನವಾದರು. ಗಾಯಗೊಂಡವರನ್ನು ಕಲಬುರಗಿಯ ಆಸ್ಪತ್ರೆಗಳಿಗೆ ಸಾಗಿಸಲಾಯಿತು. ಸಂತೋಷಕೂಟವೊಂದನ್ನು ಮುಗಿಸಿ ಮನೆಗೆ ಮರಳುತ್ತಿದ್ದ ಕುಟುಂಬದವರು ಮಡಿದವರಲ್ಲಿದ್ದರು. ಇಂತಹ ದುರಂತದಲ್ಲಿ ಸುಟ್ಟ ಗಾಯದವನೊಬ್ಬನೇ ರೋಗಿಯಲ್ಲ. ಹೊರಗೆ ಬಂದು ಬದುಕಿದವನು, ತನ್ನವರು ಒಳಗುಳಿದುದನ್ನು ಕಂಡವನು, ಕಿಟಕಿಯನ್ನು ಒಡೆಯಲೆತ್ನಿಸಿ ಸೋತ ದಾರಿಹೋಕನು, ಇವರೆಲ್ಲರೂ ಗಾಯಗೊಂಡವರೇ. ಇವರಿಗಾಗಿ ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಪ್ರಕಟಿಸಿದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯು ಮೂರೇ ಸೂತ್ರಗಳನ್ನು ಹೇಳುತ್ತದೆ: ನೋಡು, ಆಲಿಸು, ಜೋಡಿಸು. ಯಾರಿಗೆ ಅಪಾಯ, ಯಾರು ಮಾತು ಕಳೆದುಕೊಂಡು ಕುಳಿತಿದ್ದಾರೆ ಎಂಬುದನ್ನು ನೋಡಬೇಕು. ಹೇಳಬೇಕೆನ್ನಿಸಿದರೆ ಹೇಳಲು ಬಿಟ್ಟು ಆಲಿಸಬೇಕು, ಬಲವಂತದಿಂದ ಹೇಳಿಸಬಾರದು. ಆಮೇಲೆ ಅವರನ್ನು ನೀರು, ನೆರಳು, ಫೋನು, ಬಂಧುಗಳು, ಆಸ್ಪತ್ರೆ ಎಂಬಿವುಗಳೊಡನೆ ಜೋಡಿಸಬೇಕು. ಇದನ್ನು ಕಲಿಯಲು ವರ್ಷಗಳು ಬೇಕಿಲ್ಲ. ಕಮಲಾಪುರದ ಪ್ರತಿ ಕಾಲೇಜು ವಿದ್ಯಾರ್ಥಿಯೂ ಇದನ್ನು ಕಲಿಯಬಹುದು.

ಅಪಘಾತದ ಸ್ಥಳದಲ್ಲಿ ನೆರೆದ ಗುಂಪು ಏಕೆ ಸುಮ್ಮನೆ ನಿಲ್ಲುತ್ತದೆ ಎಂಬುದಕ್ಕೂ ಸಾಮಾಜಿಕ ಮನಶ್ಶಾಸ್ತ್ರದಲ್ಲಿ ಉತ್ತರವಿದೆ. ಲತಾನೆ ಮತ್ತು ಡಾರ್ಲೆ ಎಂಬ ವಿದ್ವಾಂಸರು 1968ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೊಠಡಿಗೆ ಹೊಗೆ ನುಗ್ಗತೊಡಗಿದಾಗ ಒಂಟಿಯಾಗಿ ಕುಳಿತವರಲ್ಲಿ ನೂರಕ್ಕೆ 75 ಮಂದಿ ಎದ್ದುಹೋಗಿ ತಿಳಿಸಿದರು. ಏನೂ ಆಗದವರಂತೆ ನಟಿಸುವ ಇಬ್ಬರ ನಡುವೆ ಕುಳಿತವರಲ್ಲಾದರೋ ನೂರಕ್ಕೆ 10 ಮಂದಿ ಮಾತ್ರ. ಜನರು ನಿರ್ದಯರೆಂದಲ್ಲ, ಒಬ್ಬರ ಮುಖವನ್ನೊಬ್ಬರು ನೋಡಿ, ಇದು ತುರ್ತಲ್ಲವೆಂದು ತಿಳಿಯುತ್ತಾರೆ, ಹೊಣೆಯು ಎಲ್ಲರಿಗೂ ಹಂಚಿಹೋಗಿ ಯಾರ ಮೇಲೂ ನಿಲ್ಲದೆ ಹೋಗುತ್ತದೆ. ಇದನ್ನು ಬಲ್ಲ ಇ.ಎಂ.ಟಿ.ಯು ಗುಂಪಿನ ಕಡೆಗೆ “ಯಾರಾದ್ರೂ ಬರ್ರಿ” ಎಂದು ಕೂಗುವುದಿಲ್ಲ. “ನೀಲಿ ಅಂಗಿ ಅಣ್ಣಾ, ನೀವು ಬರ್ರಿ, ಈ ಟಾರ್ಚ್ ಹಿಡೀರಿ” ಎಂದು ಒಬ್ಬನನ್ನು ಕೈಮಾಡಿ ಕರೆಯುತ್ತಾನೆ. ಪೊಲೀಸ್ ಠಾಣೆಗೆ ಅಲೆಯಬೇಕಾದೀತೆಂಬ ಭಯವೂ ಜನರನ್ನು ಹಿಂದಕ್ಕೆಳೆಯುವುದುಂಟು. ಅಪಘಾತದಲ್ಲಿ ನೆರವಾದವರಿಗೆ ರಕ್ಷಣೆ ಕೊಡುವ ಕಾನೂನನ್ನು ಎಲ್ಲ ರಾಜ್ಯಗಳಿಗಿಂತ ಮೊದಲು ಮಾಡಿದುದು ಕರ್ನಾಟಕವೇ ಎಂಬುದನ್ನೂ, 2019ರ ತಿದ್ದುಪಡಿಯ ಮೂಲಕ ಮೋಟಾರು ವಾಹನ ಕಾನೂನಿನಲ್ಲಿಯೂ ಆ ರಕ್ಷಣೆ ಸೇರಿದೆಯೆಂಬುದನ್ನೂ ನಾವು ಇನ್ನೂ ಗಟ್ಟಿಯಾಗಿ ಹೇಳಬೇಕಾಗಿದೆ.

ಇಷ್ಟನ್ನೆಲ್ಲ ಹೊತ್ತು ಮನೆಗೆ ಹೋಗುವ ತುರ್ತುಸೇವೆಯ ಕೆಲಸಗಾರನ ಮನಸ್ಸಿನ ಗತಿಯೇನು? ದೇಶದ ಮೊದಲನೆಯ ಕೋವಿಡ್ ಮರಣವು ಕಲಬುರಗಿಯವರೊಬ್ಬರದು. 2020ರ ಮಾರ್ಚ್ 10ರಂದು, 76 ವರ್ಷದ ಹಿರಿಯರೊಬ್ಬರು ಹೈದರಾಬಾದಿನ ಆಸ್ಪತ್ರೆಯಿಂದ ಮರಳಿ ಕರೆತರುವ ದಾರಿಯಲ್ಲಿಯೇ ತೀರಿಕೊಂಡರು. ಹೆಸರೂ ಸರಿಯಾಗಿ ತಿಳಿಯದ ವ್ಯಾಧಿಯ ನಡುವೆ ಆ ತಿಂಗಳುಗಳಲ್ಲಿ ಆಂಬುಲೆನ್ಸುಗಳಲ್ಲಿ, ವಾರ್ಡುಗಳಲ್ಲಿ ದುಡಿದವರ ಅಂತರಂಗವನ್ನು ನಾವು ಕೇಳಿ ತಿಳಿದುಕೊಂಡುದು ಬಹಳ ಕಡಮೆ. ಘೋರವಾದ ಘಟನೆಯ ಬಳಿಕ ನೆನಪುಗಳು ಅಪ್ಪಣೆಯಿಲ್ಲದೆ ಮರುಕಳಿಸುವ, ನಿದ್ರೆಯನ್ನು ಕೆಡಿಸುವ ವ್ಯಾಧಿಗೆ ಅಮೆರಿಕದ ಮನೋವೈದ್ಯರು ತಮ್ಮ ಅಧಿಕೃತ ಕೈಪಿಡಿಯಲ್ಲಿ ಸ್ಥಾನ ಕೊಟ್ಟುದು 1980ರಲ್ಲಿ. ತಾನೇ ಅಗ್ನಿಶಾಮಕ ಮತ್ತು ಪ್ಯಾರಾಮೆಡಿಕ್ ಕೆಲಸ ಮಾಡಿದ್ದ ಜೆಫ್ರಿ ಮಿಚೆಲ್ ಎಂಬಾತನು 1983ರಲ್ಲಿ, ಘಟನೆಯಾದ ಕೂಡಲೆ ತಂಡವನ್ನು ಕೂಡಿಸಿ ಎಲ್ಲರಿಂದಲೂ ಎಲ್ಲವನ್ನೂ ಹೇಳಿಸುವ ಕ್ರಮವೊಂದನ್ನು ಪ್ರಚಾರಕ್ಕೆ ತಂದನು. ಅದು ಜಗತ್ತಿನಾದ್ಯಂತ ಹರಡಿತು. ಆಮೇಲೆ ನಡೆದ ಪರಿಶೀಲನೆಗಳು, ಒಂದೇ ಸಲ ಕೂಡಿಸಿ ಬಲವಂತದಿಂದ ಹೇಳಿಸುವುದರಿಂದ ಆ ವ್ಯಾಧಿಯು ತಪ್ಪುವುದಿಲ್ಲ, ಕೆಲವರಿಗೆ ಹಾನಿಯೂ ಆಗಬಹುದು ಎಂದು ತೋರಿಸಿದುವು. ಸದುದ್ದೇಶದ ಉಪಾಯವನ್ನೂ ಪರೀಕ್ಷೆಗೊಡ್ಡಿ, ಸಲ್ಲದಿದ್ದರೆ ಕೈಬಿಡುವ ಧೈರ್ಯವನ್ನು ಮನಶ್ಶಾಸ್ತ್ರವು ತೋರಿದ ಈ ಪ್ರಸಂಗವನ್ನು ಎರಡು ವಿಭಾಗದ ವಿದ್ಯಾರ್ಥಿಗಳೂ ಒಟ್ಟಿಗೆ ಕುಳಿತು ಓದಬೇಕೆಂಬುದು ನನ್ನ ಆಸೆ. ಜೊತೆಯವರ ಆಸರೆ, ಸರಿಯಾದ ವಿಶ್ರಾಂತಿ, ಮೇಲಧಿಕಾರಿಯ ಒಳ್ಳೆಯ ಮಾತು, ಬೇಕೆನಿಸಿದಾಗ ತಜ್ಞರ ಬಾಗಿಲು ತೆರೆದಿರುವುದು, ಇವು ಹೆಚ್ಚು ಫಲಕಾರಿ.

ಈ ಎರಡು ವಿದ್ಯೆಗಳನ್ನು ಒಂದೇ ಸೂರಿನಡಿ ತಂದುದು ಕಡೆಗೆ ಸಂಸತ್ತಿನ ಕಾನೂನು. 2021ರ ಸಹವರ್ತಿ ಮತ್ತು ಆರೋಗ್ಯರಕ್ಷಣಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾನೂನು, ವೈದ್ಯ ದಾದಿಯರಲ್ಲದ ಆರೋಗ್ಯವೃತ್ತಿಗಳನ್ನು ಹತ್ತು ವರ್ಗಗಳಾಗಿ ವಿಂಗಡಿಸಿದೆ. ಒಂದು ವರ್ಗದಲ್ಲಿ ಅಪಘಾತ ಮತ್ತು ಸುಟ್ಟಗಾಯಗಳ ತುರ್ತು ಆರೈಕೆ ಮಾಡುವ ಪ್ಯಾರಾಮೆಡಿಕ್‌ಗಳಿದ್ದಾರೆ, ಇನ್ನೊಂದರಲ್ಲಿ ಮನಶ್ಶಾಸ್ತ್ರಜ್ಞರಿದ್ದಾರೆ. ಇದರ ಪರಿಣಾಮವು ವಿದ್ಯಾರ್ಥಿಗಳನ್ನು ಈಗಾಗಲೇ ಮುಟ್ಟಿದೆ: ಈ ಕಾನೂನಿನ ವ್ಯಾಪ್ತಿಗೆ ಬರುವ ವ್ಯಾಸಂಗಗಳನ್ನು, ಮನಶ್ಶಾಸ್ತ್ರವನ್ನೂ ಒಳಗೊಂಡು, 2025ರ ಜುಲೈ–ಆಗಸ್ಟ್ ಪ್ರವೇಶದಿಂದ ಮೊದಲುಗೊಂಡು ದೂರಶಿಕ್ಷಣದ ಅಥವಾ ಆನ್‌ಲೈನ್ ಮಾರ್ಗದಲ್ಲಿ ನಡೆಸಕೂಡದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವು ತಿಳಿಸಿದೆ. ಮನೆಯಲ್ಲಿಯೇ ಕುಳಿತು ಓದಬೇಕೆಂದಿದ್ದವರಿಗೆ ಇದು ಕಷ್ಟವೇ; ಆದರೂ ಮನುಷ್ಯರ ಎದುರು ಕುಳಿತು ಕಲಿಯಬೇಕಾದ ವಿದ್ಯೆಯನ್ನು ಅಂಚೆಯಲ್ಲಿ ಕಲಿಸಲಾಗದೆಂಬ ತೀರ್ಮಾನವು ಸರಿಯಾದುದೆಂದೇ ನನ್ನ ಅಭಿಪ್ರಾಯ. ಬಿ.ಎ. ಪದವಿಯೊಂದರಿಂದಲೇ ಯಾರೂ ಚಿಕಿತ್ಸಕರಾಗುವುದಿಲ್ಲವೆಂಬುದನ್ನೂ ತಂದೆತಾಯಿಗಳು ತಿಳಿದಿರಬೇಕು. ಚಿಕಿತ್ಸಾ ಮನಶ್ಶಾಸ್ತ್ರಜ್ಞರಾಗಲು ಸ್ನಾತಕೋತ್ತರ ಪದವಿಯ ಮೇಲೆ ಮಾನ್ಯತೆ ಪಡೆದ ತರಬೇತಿಯೂ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯೂ ಬೇಕೆಂಬುದು ನಡೆದುಬಂದ ನಿಯಮ.

ಬಿ.ಎಸ್‌ಸಿ. ನರ್ಸಿಂಗಿನ ಮೊದಲ ವರ್ಷದ ಪಠ್ಯದಲ್ಲಿ ಮನಶ್ಶಾಸ್ತ್ರಕ್ಕೆ ಬಹುಕಾಲದಿಂದ ಸ್ಥಾನವಿದೆ. ದಾದಿಗೆ ಅವಶ್ಯವೆನಿಸಿದುದು ಆಂಬುಲೆನ್ಸಿನವನಿಗೆ ಇನ್ನೂ ಹೆಚ್ಚು ಅವಶ್ಯವೆಂಬುದಕ್ಕೆ ಬೇರೆ ವಾದ ಬೇಕಿಲ್ಲ. ಕಲಬುರಗಿಯ ಮನಶ್ಶಾಸ್ತ್ರದ ಅಧ್ಯಾಪಕರಲ್ಲಿಯೂ ಪ್ಯಾರಾಮೆಡಿಕಲ್ ಕಾಲೇಜುಗಳ ಪ್ರಾಚಾರ್ಯರಲ್ಲಿಯೂ ನನ್ನ ವಿಜ್ಞಾಪನೆಯಿಷ್ಟೇ: ವರ್ಷದಲ್ಲಿ ಕೆಲವು ದಿನಗಳನ್ನಾದರೂ ಎರಡು ತರಗತಿಗಳನ್ನು ಒಂದುಗೂಡಿಸಿರಿ, ಗ್ಲಾಸ್ಗೋ ಮಾಪಕದ ಪ್ರಶ್ನೆಗಳನ್ನು ಈ ಜಿಲ್ಲೆಯ ಐದೂ ಮಾತುಗಳಲ್ಲಿ ಕೇಳುವುದನ್ನು ಅಭ್ಯಾಸ ಮಾಡಿಸಿರಿ, ಮಾನಸಿಕ ಪ್ರಥಮ ಚಿಕಿತ್ಸೆಯನ್ನು ಕಲಬುರಗಿಯ ಆಡುನುಡಿಯಲ್ಲಿ ಕಲಿಸಿರಿ, ಮನಶ್ಶಾಸ್ತ್ರದ ವಿದ್ಯಾರ್ಥಿಗಳಿಗೆ, ರೋಗಿಗಳ ಗೌಪ್ಯಕ್ಕೆ ಭಂಗಬಾರದಂತೆ, ಆಸ್ಪತ್ರೆಯ ಬಾಗಿಲನ್ನು ತೆರೆಯಿರಿ. ಇನ್ನು ಪ್ರವೇಶದ ಅರ್ಜಿಯನ್ನು ಕೈಯಲ್ಲಿ ಹಿಡಿದಿರುವ ಕಮಲಾಪುರದ ತಂದೆತಾಯಿಗಳಿಗೆ ಒಂದು ಮಾತು: ಹಣ ಕಟ್ಟುವ ಮುನ್ನ ಆ ಕಾಲೇಜಿಗೆ ಪ್ಯಾರಾಮೆಡಿಕಲ್ ಮಂಡಳಿಯ ಅಥವಾ ವಿಶ್ವವಿದ್ಯಾಲಯದ ಮಾನ್ಯತೆ ಈ ವರ್ಷಕ್ಕೂ ಇದೆಯೇ, ತರಬೇತಿಗೆ ಕಳುಹಿಸುವ ಆಸ್ಪತ್ರೆ ಯಾವುದು ಎಂಬುದನ್ನು ಕಾಗದದ ಮೇಲೆ ತೋರಿಸಿರೆಂದು ಕೇಳಿರಿ, ಮಗಳು ಸೈಕಾಲಜಿ ಓದುತ್ತೇನೆಂದರೆ ಬೇಡವೆನ್ನಬೇಡಿರಿ.